ರಸ್ತೆ ಸೈಕ್ಲಿಂಗ್ ಶೂಗಳ ಹಿಡಿತ ಮತ್ತು ನಡಿಗೆಯ ಸಮಸ್ಯೆ

ರಸ್ತೆ ಸೈಕ್ಲಿಂಗ್ ಶೂ ಎಂಬುದು ವೇಗದ ರಸ್ತೆ ಸೈಕಲ್‌ಗಳ ಸವಾರರು ಧರಿಸುವ, ಗಡುಸಾದ ಅಟ್ಟೆಯುಳ್ಳ, ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟನ್ನು ತಳದಲ್ಲಿ ಹೊಂದಿರುವ ವಿಶೇಷ ಪಾದರಕ್ಷೆ. ಪೆಡಲು ತುಳಿಯುವುದಕ್ಕೆಂದೇ ರೂಪಿಸಲಾದ ಈ ಶೂ, ಸವಾರನು ಸೈಕಲಿನಿಂದ ಇಳಿದು ನೆಲದ ಮೇಲೆ ಕಾಲಿಟ್ಟೊಡನೆ ತೊಡಕಾಗಿ ಪರಿಣಮಿಸುತ್ತದೆ. ನುಣುಪಾದ ನೆಲದಲ್ಲಿ ಜಾರುವುದು, ಸಹಜವಾಗಿ ಹೆಜ್ಜೆ ಹಾಕಲು ಆಗದಿರುವುದು, ನಡೆದಷ್ಟೂ ಕ್ಲೀಟು ಸವೆಯುವುದು ಇದರ ಮುಖ್ಯ ದೋಷಗಳು. ಕರ್ನಾಟಕದಲ್ಲಿ ಈ ಸಮಸ್ಯೆ ಹೆಚ್ಚಾಗಿ ಅನುಭವಕ್ಕೆ ಬರುವ ಪ್ರದೇಶಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯೂ ಒಂದು. ಬೆಂಗಳೂರಿನ ಸವಾರರು ವಾರಾಂತ್ಯಗಳಲ್ಲಿ ನಸುಕಿನಲ್ಲೇ ಹೊರಟು ನಂದಿಬೆಟ್ಟವನ್ನೇರುವುದು ವಾಡಿಕೆಯಾಗಿರುವುದೂ, ಅಲ್ಲಿಂದ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳತ್ತ ಸಾಗುವ ರಸ್ತೆಗಳು ದೂರದ ಸವಾರಿಗೆ ಒದಗಿಬರುವುದೂ ಇದಕ್ಕೆ ಕಾರಣ.

ರಚನೆ

ಸಾಮಾನ್ಯ ಶೂವಿನ ಅಟ್ಟೆ ಪಾದದೊಂದಿಗೆ ಬಾಗುತ್ತದೆ. ರಸ್ತೆ ಸೈಕ್ಲಿಂಗ್ ಶೂವಿನ ಅಟ್ಟೆ ಬಾಗಬಾರದು ಎಂಬುದೇ ಅದರ ಮೂಲ ತತ್ತ್ವ. ಕಡಿಮೆ ಬೆಲೆಯ ಶೂಗಳಲ್ಲಿ ಗಟ್ಟಿ ನೈಲಾನ್, ದುಬಾರಿ ಶೂಗಳಲ್ಲಿ ಇಂಗಾಲದ ನಾರಿನ ಅಟ್ಟೆ ಇರುತ್ತದೆ. ತುಳಿತದ ಬಲ ಅಟ್ಟೆ ಬಾಗುವುದರಲ್ಲಿ ವ್ಯಯವಾಗದೆ ನೇರವಾಗಿ ಪೆಡಲಿಗೆ ತಲುಪಬೇಕು, ಒತ್ತಡ ಪಾದದ ಒಂದೇ ಬಿಂದುವಿನಲ್ಲಿ ಕೂಡಿಕೊಂಡು ಉರಿಯುಂಟಾಗಬಾರದು ಎಂಬುದು ಇದರ ಉದ್ದೇಶ.

ಅಟ್ಟೆಯ ಮುಂಭಾಗದಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಮೂರು ತಿರುಪುಗಳಿಂದ ತ್ರಿಕೋನಾಕಾರದ ಪ್ಲಾಸ್ಟಿಕ್ ಕ್ಲೀಟನ್ನು ಬಿಗಿಯಲಾಗಿರುತ್ತದೆ. ಲುಕ್ ಕಂಪನಿಯ ಕಿಯೋ ಮತ್ತು ಶಿಮಾನೊ ಕಂಪನಿಯ ಎಸ್‌ಪಿಡಿ-ಎಸ್‌ಎಲ್ ಇವು ಹೆಚ್ಚು ಬಳಕೆಯಲ್ಲಿರುವ ಎರಡು ಬಗೆಗಳು. ಸ್ಪೀಡ್‌ಪ್ಲೇ ಎಂಬ ಮತ್ತೊಂದು ಬಗೆಯಲ್ಲಿ ಕಚ್ಚುವ ಯಂತ್ರಭಾಗ ಪೆಡಲಿನಲ್ಲಿರದೆ ಕ್ಲೀಟಿನಲ್ಲೇ ಇರುತ್ತದೆ. ಯಾವುದೇ ಬಗೆಯಾದರೂ ಕ್ಲೀಟು ಅಟ್ಟೆಯ ಮಟ್ಟದಿಂದ ಕೆಳಕ್ಕೆ ಚಾಚಿಕೊಂಡಿರುತ್ತದೆ. ಹೀಗಾಗಿ ನಿಂತ ಸವಾರನ ಭಾರವನ್ನು ಹೊರುವುದು ಮುಂದಿನ ಈ ಪ್ಲಾಸ್ಟಿಕ್ ತುಂಡು ಹಾಗೂ ಹಿಮ್ಮಡಿಯ ಕೆಳಗಿನ ಸಣ್ಣದೊಂದು ರಬ್ಬರ್ ಗುಬುಟು ಮಾತ್ರ. ಇವೆರಡರ ನಡುವಿನ ಅಟ್ಟೆ ನೆಲವನ್ನು ಮುಟ್ಟುವುದೇ ಇಲ್ಲ.

ಹಿನ್ನೆಲೆ

ಹಿಂದಿನ ಸ್ಪರ್ಧಾಳುಗಳು ತೊಗಲಿನ ಶೂ ಧರಿಸಿ, ಪೆಡಲಿಗೆ ಜೋಡಿಸಿದ ಲೋಹದ ಪಂಜರದೊಳಗೆ ಕಾಲ್ಬೆರಳನ್ನು ತೂರಿಸಿ, ಪಟ್ಟಿಯಿಂದ ಬಿಗಿದುಕೊಳ್ಳುತ್ತಿದ್ದರು. ಅಟ್ಟೆಗೆ ಮೊಳೆ ಹೊಡೆದು ಕೂರಿಸಿದ ಗೀರುಳ್ಳ ಪಟ್ಟಿಯೇ ಆಗಿನ ಕ್ಲೀಟು. ಆ ತೊಗಲಿನ ಶೂಗಳು ಒಂದಿಷ್ಟಾದರೂ ಬಾಗುತ್ತಿದ್ದುದರಿಂದ ನಡೆಯುವುದು ಅಷ್ಟೇನೂ ಕಷ್ಟವಾಗಿರಲಿಲ್ಲ. 1970ರ ದಶಕದ ಆರಂಭದಲ್ಲಿ ಇಟಲಿಯ ಚಿನೆಲ್ಲಿ ಕಂಪನಿ ಪಂಜರವಿಲ್ಲದ ಎಂ-71 ಪೆಡಲನ್ನು ತಂದಿತು. ಅದರಿಂದ ಕಾಲು ಬಿಡಿಸಿಕೊಳ್ಳಲು ಸವಾರ ಕೈಚಾಚಿ ಪೆಡಲಿನ ಸನ್ನೆಯನ್ನು ಎಳೆಯಬೇಕಾಗಿತ್ತು. ಅದು ಜನಪ್ರಿಯವಾಗಲಿಲ್ಲ.

ಹಿಮಜಾರಾಟದ ಬೂಟು ಬಂಧನಿಗಳನ್ನು ತಯಾರಿಸುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ ಅದೇ ತತ್ತ್ವವನ್ನು ಸೈಕಲಿಗೆ ಅಳವಡಿಸಿ 1984ರಲ್ಲಿ ಹೊಸ ಪೆಡಲನ್ನು ಮಾರುಕಟ್ಟೆಗೆ ತಂದಿತು. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಸಾಕು, ಕಾಲು ಬಿಡುಗಡೆಯಾಗುತ್ತಿತ್ತು. 1985ರಲ್ಲಿ ಬರ್ನಾರ್ಡ್ ಇನೋ ಈ ಪೆಡಲನ್ನೇ ಬಳಸಿ ತನ್ನ ಐದನೆಯ ಟೂರ್ ಡಿ ಫ್ರಾನ್ಸ್ ಗೆದ್ದನು. ಬಳಿಕ ಕೆಲವೇ ವರ್ಷಗಳಲ್ಲಿ ಪಂಜರ ಮತ್ತು ಪಟ್ಟಿಗಳು ಸ್ಪರ್ಧಾಕಣದಿಂದ ಮರೆಯಾದವು. ಇಂದಿನ ನಡಿಗೆಯ ತೊಂದರೆಯೂ ಆ ಗೆಲುವಿನ ಜೊತೆಯಲ್ಲೇ ಹರಡಿತೆನ್ನಬಹುದು. ಕ್ಲೀಟು ದೊಡ್ಡದಾಯಿತು, ಅಟ್ಟೆ ಗಡುಸಾಯಿತು, ಶೂ ಸೈಕಲಿನ ಒಂದು ಬಿಡಿಭಾಗವೇ ಆಯಿತು.

ಗುಡ್ಡಗಾಡು ಸೈಕಲ್ ಸವಾರರ ಸ್ಥಿತಿ ಬೇರೆಯಾಗಿತ್ತು. ಅವರು ಆಗಾಗ ಇಳಿದು ಸೈಕಲನ್ನು ತಳ್ಳಲೇಬೇಕು. ಅವರಿಗಾಗಿ ಜಪಾನಿನ ಶಿಮಾನೊ 1990ರಲ್ಲಿ ಎಸ್‌ಪಿಡಿ ಎಂಬ ಚಿಕ್ಕ ಲೋಹದ ಕ್ಲೀಟನ್ನು ಹೊರತಂದಿತು. ಎರಡೇ ತಿರುಪುಗಳ ಈ ಕ್ಲೀಟು ಅಟ್ಟೆಯೊಳಗಿನ ತಗ್ಗಿನಲ್ಲಿ ಅಡಗಿ ಕೂರುತ್ತದೆ. ಸುತ್ತಲಿನ ರಬ್ಬರ್ ಮೊಳೆಗಟ್ಟುಗಳು ನೆಲವನ್ನು ಹಿಡಿಯುತ್ತವೆ. ನಡೆಯಬಲ್ಲ ಸೈಕ್ಲಿಂಗ್ ಶೂ ಎಂಬುದು ಹೀಗೆ ಮೂರು ದಶಕಗಳ ಹಿಂದೆಯೇ ಸಿದ್ಧವಾಗಿತ್ತು. ಆದರೂ ರಸ್ತೆ ಸವಾರರಲ್ಲಿ ಬಹುಮಂದಿ ಅದನ್ನು ಆರಿಸಿಕೊಳ್ಳದಿರುವುದಕ್ಕೆ ತಾಂತ್ರಿಕ ಕಾರಣಗಳಷ್ಟೇ ರೂಢಿಯೂ ಕಾರಣ.

ಹಿಡಿತ ತಪ್ಪುವ ಬಗೆ

ಮೃದುವಾದ ರಬ್ಬರು ಭಾರ ಬಿದ್ದಾಗ ನೆಲದ ಸಣ್ಣಪುಟ್ಟ ಉಬ್ಬುತಗ್ಗುಗಳೊಳಕ್ಕೆ ಒತ್ತಿಕೊಂಡು ಅದನ್ನು ಹಿಡಿಯುತ್ತದೆ. ಬರಿಯ ರಬ್ಬರ್ ಚಪ್ಪಲಿಯೂ ಟಾರು ರಸ್ತೆಯಲ್ಲಿ ಚೆನ್ನಾಗಿ ನಿಲ್ಲುವುದು ಇದರಿಂದಲೇ. ಗಟ್ಟಿ ಪ್ಲಾಸ್ಟಿಕ್ ಹಾಗೆ ಒತ್ತಿಕೊಳ್ಳುವುದಿಲ್ಲ. ಉಬ್ಬುಗಳ ತುದಿಯ ಮೇಲಷ್ಟೇ ಕುಳಿತು, ತಳ್ಳು ಬಂದೊಡನೆ ಸರಿಯುತ್ತದೆ. ಒಣಗಿದ ಒರಟು ಟಾರಿನ ಮೇಲೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಹೊಳಪು ಕೊಟ್ಟ ಗ್ರಾನೈಟ್, ಹೋಟೆಲಿನ ಟೈಲ್ಸ್ ನೆಲ, ಕಬ್ಬಿಣದ ಜಾಲರಿ, ರೈಲು ಹಳಿ, ರಸ್ತೆಯ ಮೇಲಿನ ಬಿಳಿ ಬಣ್ಣದ ಪಟ್ಟೆ ಇವುಗಳ ಮೇಲೆ, ಅದರಲ್ಲೂ ನೀರು ಬಿದ್ದಾಗ, ಅಪಾಯ ಹೆಚ್ಚು. ನೀರಿನ ತೆಳುಪೊರೆ ಪ್ಲಾಸ್ಟಿಕ್ಕಿಗೂ ಕಲ್ಲಿಗೂ ನಡುವೆ ಸೇರಿಕೊಂಡು, ಇದ್ದಷ್ಟು ಘರ್ಷಣೆಯನ್ನೂ ಕಳೆಯುತ್ತದೆ.

ಕ್ಲೀಟುಗಳಲ್ಲಿಯೂ ತರತಮವಿದೆ. ಶಿಮಾನೊ ಎಸ್‌ಪಿಡಿ-ಎಸ್‌ಎಲ್ ಕ್ಲೀಟಿನ ಅಂಚುಗಳಲ್ಲಿ ನೆಲ ಮುಟ್ಟುವ ಬಣ್ಣದ ಮೆತ್ತನೆಯ ತುಣುಕುಗಳಿರುತ್ತವೆ. ಹಳದಿ ಬಣ್ಣದ ಕ್ಲೀಟು ಪೆಡಲಿನೊಳಗೆ ಪಾದಕ್ಕೆ 6 ಡಿಗ್ರಿಯಷ್ಟು, ನೀಲಿಯದು 2 ಡಿಗ್ರಿಯಷ್ಟು ಓಲಾಡಲು ಅವಕಾಶ ನೀಡುತ್ತದೆ. ಕೆಂಪಿನದು ಓಲಾಟಕ್ಕೆ ಎಡೆಗೊಡುವುದಿಲ್ಲ. ಲುಕ್ ಕಿಯೋದಲ್ಲಿ ಇದೇ ಬಣ್ಣಗಳ ಅರ್ಥ ಬೇರೆ: ಅಲ್ಲಿ ಕೆಂಪು 9 ಡಿಗ್ರಿ, ಬೂದು 4.5 ಡಿಗ್ರಿ, ಕಪ್ಪು ಸೊನ್ನೆ. ಹೊಸಬರು ಇದರಲ್ಲಿ ಮೋಸಹೋಗುವುದುಂಟು. ಕಿಯೋ ಕ್ಲೀಟಿನಲ್ಲಿ ಸಾದಾ ಮತ್ತು ರಬ್ಬರ್ ಹಿಡಿತವುಳ್ಳ ಗ್ರಿಪ್ ಎಂಬ ಎರಡು ಮಾದರಿಗಳಿದ್ದು, ಕೊಳ್ಳುವಾಗ ಎರಡನೆಯದನ್ನೇ ಕೇಳಿ ಪಡೆಯುವುದು ಲೇಸು.

ಸವೆತ ಈ ತೊಂದರೆಯನ್ನು ಇಮ್ಮಡಿಸುತ್ತದೆ. ನೆಲಕ್ಕೆ ಉಜ್ಜಿ ಮೆತ್ತನೆಯ ತುಣುಕು ಮಾಯವಾದ ಮೇಲೆ ಉಳಿಯುವುದು ಗಟ್ಟಿ ಪ್ಲಾಸ್ಟಿಕ್ ಮಾತ್ರ. ಅಂಥ ಕ್ಲೀಟು ನೆಲದಲ್ಲಿ ಜಾರುವುದಲ್ಲದೆ, ಜೋರಾಗಿ ತುಳಿಯುವಾಗ ಪೆಡಲಿನಿಂದಲೂ ಕಳಚಿಕೊಳ್ಳಬಹುದು. ನಮ್ಮಲ್ಲಿ ವಾಹನ ಸಂಚಾರ ಎಡಬದಿಯಲ್ಲಿರುವುದರಿಂದ ಸಿಗ್ನಲ್ಲಿನಲ್ಲೂ ಗೇಟಿನಲ್ಲೂ ಸವಾರರು ಸಾಮಾನ್ಯವಾಗಿ ರಸ್ತೆಯಂಚಿನತ್ತ ಎಡಗಾಲನ್ನೇ ಊರುತ್ತಾರೆ. ಆದ್ದರಿಂದ ಎಡ ಕ್ಲೀಟು ಮೊದಲು ಸವೆಯುತ್ತದೆ. ಬಲಗಾಲಿನದನ್ನು ನೋಡಿ ಎಲ್ಲವೂ ಸರಿಯಿದೆ ಎಂದುಕೊಂಡವರು ಬಿದ್ದ ಮೇಲೆ ಎಡಗಾಲನ್ನು ನೋಡಿಕೊಳ್ಳುತ್ತಾರೆ.

ನಡಿಗೆಯ ಮೇಲೆ ಪರಿಣಾಮ

ಸಹಜವಾದ ನಡಿಗೆಯಲ್ಲಿ ಮೊದಲು ಹಿಮ್ಮಡಿ ನೆಲ ಮುಟ್ಟುತ್ತದೆ. ಭಾರ ಪಾದದುದ್ದಕ್ಕೂ ಉರುಳಿ ಕೊನೆಗೆ ಬೆರಳುಗಳ ಬುಡದಲ್ಲಿ ಪಾದ ಬಾಗಿ, ಬೆರಳುಗಳು ನೆಲವನ್ನು ಹಿಂದಕ್ಕೆ ಒತ್ತುತ್ತವೆ. ರಸ್ತೆ ಸೈಕ್ಲಿಂಗ್ ಶೂವಿನಲ್ಲಿ ಈ ಕೊನೆಯ ಬಾಗುವಿಕೆ ಅಸಾಧ್ಯ. ಅದಲ್ಲದೆ ಕ್ಲೀಟಿನ ದಪ್ಪದಿಂದಾಗಿ ಪಾದದ ಮುಂಭಾಗ ಹಿಮ್ಮಡಿಗಿಂತ ಎತ್ತರದಲ್ಲಿರುತ್ತದೆ. ಎತ್ತರದ ಹಿಮ್ಮಡಿಯ ಚಪ್ಪಲಿಗೆ ಇದು ತದ್ವಿರುದ್ಧ. ಇದರಿಂದ ಮೀನಖಂಡವೂ ಹಿಮ್ಮಡಿಯ ಮೇಲಿನ ನರವೂ ಎಳೆತಕ್ಕೊಳಗಾಗುತ್ತವೆ. ಸವಾರ ಹಿಮ್ಮಡಿಯ ಮೇಲೆಯೇ ಭಾರ ಹಾಕಿ, ಕಾಲ್ಬೆರಳನ್ನು ಹೊರಕ್ಕೆ ತಿರುಗಿಸಿ, ಬಾತುಕೋಳಿಯಂತೆ ಅಡ್ಡಾಡಿಕೊಂಡು ನಡೆಯುತ್ತಾನೆ. ನೋಡುವವರಿಗೆ ನಗು ಬರುವ ಈ ನಡಿಗೆ ಹತ್ತು ಹೆಜ್ಜೆಗೆ ಬಾಧಕವಲ್ಲ. ಒಂದು ಕಿಲೋಮೀಟರಿಗೆ ಮೀನಖಂಡ ನೋಯುತ್ತದೆ.

ಇಳಿಜಾರಿನಲ್ಲಿ ಸಂಕಟ ಇನ್ನೂ ಹೆಚ್ಚು. ಹಿಮ್ಮಡಿಯ ಗುಬುಟು ನೆಲಕ್ಕೆ ಸಿಕ್ಕರೂ ಮರುಕ್ಷಣದಲ್ಲೇ ಭಾರವೆಲ್ಲ ಮುಂದಿನ ಕ್ಲೀಟಿನ ಮೇಲೆ ಬಿದ್ದು ಅದು ಜಾರುತ್ತದೆ. ಹೀಗೆ ಬಿದ್ದಾಗ ಮಣಿಕಟ್ಟು, ಮೊಣಕೈ, ಸೊಂಟ ಪೆಟ್ಟಾಗುತ್ತವೆ. ಕಣಕಾಲು ಉಳುಕುವುದು ಸಾಮಾನ್ಯ. ಐವತ್ತು ದಾಟಿದ ಸವಾರರು ಈಗ ಹೆಚ್ಚುತ್ತಿದ್ದು, ಆ ವಯಸ್ಸಿನಲ್ಲಿ ನಿಂತ ಜಾಗದ ಬೀಳುವಿಕೆಯೂ ಮೂಳೆ ಮುರಿತಕ್ಕೆ ಸಾಕಾಗುತ್ತದೆ ಎಂಬುದನ್ನು ನೆನಪಿಡಬೇಕು.

ಚಿಕ್ಕಬಳ್ಳಾಪುರ ಜಿಲ್ಲೆಯ ರಸ್ತೆಗಳಲ್ಲಿ

ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟದ ಏರುದಾರಿ ಬುಡದಿಂದ ಸುಮಾರು 7ರಿಂದ 8 ಕಿಲೋಮೀಟರ್ ಉದ್ದವಿದ್ದು ತಿರುವುಗಳಿಂದ ಕೂಡಿದೆ. ಏರುವಾಗ ದಣಿದು ನಿಂತವರು ಮತ್ತೆ ಕ್ಲೀಟು ಕಚ್ಚಿಸಿ ಹೊರಡುವುದು ಕಡಿದಾದ ತಿರುವಿನಲ್ಲಿ ಸುಲಭವಲ್ಲ. ಒಂದು ಕಾಲು ಪೆಡಲಿನಲ್ಲಿದ್ದು ಇನ್ನೊಂದು ಕಾಲು ನೆಲದಲ್ಲಿ ಜಾರಿದರೆ ಸೈಕಲ್ಲಿನ ಸಮೇತ ಪಕ್ಕಕ್ಕೆ ಉರುಳಬೇಕಾಗುತ್ತದೆ. ಹೀಗಾಗಿ ಅನೇಕರು ಸಮತಟ್ಟಾದ ಜಾಗ ಸಿಗುವವರೆಗೆ ಸೈಕಲನ್ನು ತಳ್ಳಿಕೊಂಡೇ ಹೋಗುತ್ತಾರೆ. ಮಂಜು ಕವಿದ ಚಳಿಗಾಲದ ಬೆಳಗಿನಲ್ಲಿ ಮರಗಳಿಂದ ತೊಟ್ಟಿಕ್ಕುವ ಹನಿಯಿಂದ ರಸ್ತೆ ಒದ್ದೆಯಾಗಿರುತ್ತದೆ. ಅಂಚಿನ ಕಲ್ಲುಗಳ ಮೇಲೆ ಪಾಚಿಯೂ ಇರುತ್ತದೆ.

ಬೆಟ್ಟದ ಮೇಲೆ ಯೋಗನಂದೀಶ್ವರ ದೇವಾಲಯ, ಅಮೃತಸರೋವರ, ಟಿಪ್ಪುವಿನ ಬೇಸಿಗೆ ಅರಮನೆ, ಟಿಪ್ಪು ಡ್ರಾಪ್ ಮುಂತಾದವನ್ನು ನೋಡಬೇಕೆಂದರೆ ಕಲ್ಲುಹಾಸು, ಮೆಟ್ಟಿಲು, ಬರಿಯ ಬಂಡೆಗಳ ಮೇಲೆ ನಡೆಯಲೇಬೇಕು. ಜನರ ಓಡಾಟದಿಂದ ನುಣುಪಾದ ಬಂಡೆಯ ಮೇಲೆ ಪ್ಲಾಸ್ಟಿಕ್ ಕ್ಲೀಟಿನ ನಡಿಗೆ ಅಪಾಯಕರ. ಟಿಪ್ಪು ಡ್ರಾಪಿನಂಥ ಪ್ರಪಾತದ ಅಂಚಿಗೆ ಆ ಶೂವಿನಲ್ಲಿ ಹೋಗಲೇಬಾರದು. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿರುವ ಪ್ರಾಚೀನ ಭೋಗನಂದೀಶ್ವರ ದೇವಾಲಯದಲ್ಲಿ ಶೃಂಗಿತೀರ್ಥವೆಂಬ ಕಲ್ಯಾಣಿಯಿದೆ. ಅದರ ಮೆಟ್ಟಿಲುಗಳೂ ಹಾಗೆಯೇ. ದೇವಾಲಯದಲ್ಲಿ ಪಾದರಕ್ಷೆ ಕಳಚುವ ಸಂಪ್ರದಾಯ ಇಲ್ಲಿ ಸವಾರನ ಕ್ಷೇಮಕ್ಕೂ ಒದಗಿಬರುತ್ತದೆ. ಕಲ್ಲಿನ ಮೇಲೆ ಬರಿಗಾಲಿನಷ್ಟು ನಂಬಿಗಸ್ತ ಹಿಡಿತ ಯಾವ ಕಂಪನಿಯ ಕ್ಲೀಟಿಗೂ ಇಲ್ಲ.

ಬಯಲಿನ ರಸ್ತೆಗಳ ತೊಂದರೆ ಬೇರೆ ತೆರನಾದುದು. ಬೆಂಗಳೂರು–ಕೋಲಾರ ರೈಲುಮಾರ್ಗ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಹಾದುಹೋಗುತ್ತದೆ. ಗೇಟುಗಳಲ್ಲಿ ಸೈಕಲನ್ನು ತಳ್ಳಿಕೊಂಡು ದಾಟುವವರು ಹಳಿಯ ನೆತ್ತಿಯ ಮೇಲೆ ಕಾಲಿಡದೆ ಅದನ್ನು ದಾಟಿ ಹೆಜ್ಜೆಯಿಡಬೇಕು. ಈ ಸೀಮೆಯಲ್ಲಿ ರಾಗಿ, ಹುರುಳಿ ಕೊಯ್ಲಿನ ಕಾಲದಲ್ಲಿ ರೈತರು ತೆನೆಗಳನ್ನು ಟಾರು ರಸ್ತೆಯ ಮೇಲೆ ಹರಡಿ, ವಾಹನಗಳ ಚಕ್ರದಡಿ ಒಕ್ಕಣೆ ಮಾಡಿಸುವ ರೂಢಿಯಿದೆ. ಹುಲ್ಲಿನ ಆ ದಪ್ಪ ಹಾಸಿನ ಮೇಲೆ ತೆಳು ಟೈರಿನ ಸೈಕಲ್ ಓಡಿಸಲು ಹೋದರೆ ಚಕ್ರ ಜಾರುತ್ತದೆ, ಹುಲ್ಲು ಗೇರಿಗೆ ಸುತ್ತಿಕೊಳ್ಳುತ್ತದೆ. ಇಳಿದರೆ ಕ್ಲೀಟು ಜಾರುತ್ತದೆ, ಅದರ ಸಂದುಗಳಲ್ಲಿ ಹುಲ್ಲೂ ಕಾಳೂ ಸಿಕ್ಕಿಕೊಂಡು ಮತ್ತೆ ಪೆಡಲಿಗೆ ಕಚ್ಚುವುದಿಲ್ಲ. ಕಣವಿಲ್ಲದ ರೈತನಿಗೆ ರಸ್ತೆಯೇ ಕಣ. ಸವಾರ ಇಳಿದು ಅಂಚಿನಲ್ಲಿ ನಿಧಾನವಾಗಿ ಸಾಗುವುದೇ ಸರಿ. ಮಳೆ ಬಂದಾಗ ರಸ್ತೆಯಂಚಿನ ಕೆಮ್ಮಣ್ಣು ಕ್ಲೀಟಿಗೆ ಮೆತ್ತಿಕೊಂಡು ಇದೇ ಫಲವನ್ನು ಕೊಡುತ್ತದೆ. ಬೇಸಿಗೆಯಲ್ಲಿ ಗರಸಿನ ಹರಳುಗಳು ಸಿಕ್ಕಿಕೊಳ್ಳುತ್ತವೆ. ಕಚ್ಚುವ ಯಂತ್ರಭಾಗವನ್ನು ಕ್ಲೀಟಿನಲ್ಲೇ ಹೊಂದಿರುವ ಸ್ಪೀಡ್‌ಪ್ಲೇ ಬಗೆಗೆ ಧೂಳು, ಕೆಸರು ಇನ್ನಷ್ಟು ವೈರಿ.

ನಡಿಗೆಯ ಪ್ರಶ್ನೆ ನಿಜವಾಗಿ ಎದುರಾಗುವುದು ಸೈಕಲ್ ಕೆಟ್ಟಾಗ. ಜಾಲಿಮುಳ್ಳು ಚುಚ್ಚಿ ಗಾಳಿ ಹೋದರೆ, ಜೊತೆಯಲ್ಲಿ ತಂದ ಟ್ಯೂಬೂ ಮುಗಿದಿದ್ದರೆ, ಮುಂದಿನ ಊರಿನ ಪಂಕ್ಚರ್ ಅಂಗಡಿಯವರೆಗೆ ನಡೆಯಬೇಕು. ರಸ್ತೆ ಸೈಕಲಿನ ಸಪೂರವಾದ ಪ್ರೆಸ್ಟಾ ವಾಲ್ವಿಗೆ ಗಾಳಿ ತುಂಬುವ ಸೌಕರ್ಯ ಹಳ್ಳಿಯ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಆ ನಡಿಗೆ ಬಸ್ ನಿಲ್ದಾಣದವರೆಗೂ ಬೆಳೆಯಬಹುದು. ಗೌರಿಬಿದನೂರಿನ ಕಡೆಯ ಬೋಳುಗುಡ್ಡಗಳ ನಡುವಿನ ರಸ್ತೆಯಲ್ಲಿ ಏಪ್ರಿಲ್ ತಿಂಗಳ ಹತ್ತು ಗಂಟೆಯ ಬಿಸಿಲಿಗೆ ಮೂರು ನಾಲ್ಕು ಕಿಲೋಮೀಟರ್ ಹೀಗೆ ನಡೆದರೆ ಕ್ಲೀಟಿನ ಆಯುಸ್ಸಿನ ಬಹುಪಾಲು ಅಲ್ಲೇ ಮುಗಿಯುತ್ತದೆ. ಶೂ ಕಳಚಿ ನಡೆಯೋಣವೆಂದರೆ ಕಾದ ಟಾರು ಕಾಲ್ಚೀಲವನ್ನು ಲೆಕ್ಕಿಸುವುದಿಲ್ಲ.

ಇದೇ ರಸ್ತೆಗಳಲ್ಲಿ ಹಾಲಿನ ಕ್ಯಾನು ಹೇರಿಕೊಂಡು ಡೈರಿಗೆ ಹೋಗುವವರು, ರಾಜ್ಯ ಸರ್ಕಾರ 2006–07ರಲ್ಲಿ ಆರಂಭಿಸಿದ ಯೋಜನೆಯಡಿ ಎಂಟನೆಯ ತರಗತಿಯಲ್ಲಿ ಸೈಕಲ್ ಪಡೆದ ಮಕ್ಕಳು ಸಾದಾ ಚಪ್ಪಲಿಯಲ್ಲಿ ಓಡಾಡಿದ್ದಾರೆ. ರಬ್ಬರ್ ಪಟ್ಟಿಯ ಪೆಡಲು, ರಬ್ಬರ್ ಅಟ್ಟೆಯ ಚಪ್ಪಲಿ ಎರಡೂ ಒಂದನ್ನೊಂದು ಹಿಡಿಯುತ್ತವೆ. ಇಳಿದ ಕ್ಷಣವೇ ನಡೆಯಬಹುದು, ಬೇಕಾದರೆ ಓಡಬಹುದು.

ಸ್ಪರ್ಧೆಗಳಲ್ಲಿ

ವೃತ್ತಿಪರರೂ ಈ ಕಷ್ಟದಿಂದ ಹೊರತಲ್ಲ. 2016ರ ಜುಲೈ 14ರಂದು ಟೂರ್ ಡಿ ಫ್ರಾನ್ಸ್‌ನ 12ನೆಯ ಹಂತದಲ್ಲಿ, ಮೋಂ ವಾಂತು ಪರ್ವತದ ಏರಿನಲ್ಲಿ, ಜನಸಂದಣಿಯ ನಡುವೆ ಮೋಟಾರ್‌ಸೈಕಲ್ಲೊಂದು ಅಡ್ಡ ನಿಂತದ್ದರಿಂದ ಉಂಟಾದ ಡಿಕ್ಕಿಯಲ್ಲಿ ಹಳದಿ ಅಂಗಿಯ ಕ್ರಿಸ್ ಫ್ರೂಮ್ ಅವರ ಸೈಕಲ್ ಮುರಿಯಿತು. ಅವರು ಸೈಕಲಿಲ್ಲದೆ, ಕ್ಲೀಟಿನ ಶೂಗಳಲ್ಲೇ ಪರ್ವತವನ್ನು ಓಡಿ ಏರತೊಡಗಿದ ದೃಶ್ಯ ಜಗತ್ತಿನಾದ್ಯಂತ ಪ್ರಸಾರವಾಯಿತು. ತೀರ್ಪುಗಾರರು ಸಮಯವನ್ನು ಸರಿಹೊಂದಿಸಿದ್ದರಿಂದ ಹಳದಿ ಅಂಗಿ ಅವರಲ್ಲೇ ಉಳಿಯಿತು. ಬೆಲ್ಜಿಯಂನ ಟೂರ್ ಆಫ್ ಫ್ಲಾಂಡರ್ಸ್ ಸ್ಪರ್ಧೆಯ ಕೊಪೆನ್‌ಬರ್ಗ್ ಎಂಬ ಕಲ್ಲುಹಾಸಿನ ಏರು ಇದಕ್ಕಿಂತ ಹಳೆಯ ನಿದರ್ಶನ. ಅತಿ ಕಡಿದಾದ ಕಡೆ ಶೇಕಡ 22ರಷ್ಟು ಏರಿರುವ ಅಲ್ಲಿ ಮಳೆ ಬಂದರೆ ಅನೇಕರು ಇಳಿದು ಸೈಕಲ್ ತಳ್ಳುವುದು ಅನಿವಾರ್ಯ. 2024ರ ಮಾರ್ಚ್ 31ರ ಸ್ಪರ್ಧೆಯಲ್ಲಿ ಮಾಥ್ಯೂ ವಾನ್ ಡರ್ ಪೂಲ್ ತುಳಿದುಕೊಂಡೇ ಮೇಲೇರಿ ಮುನ್ನಡೆದಾಗ, ಹಿಂದಿದ್ದ ಬಹುಮಂದಿ ಒದ್ದೆ ಕಲ್ಲುಗಳ ಮೇಲೆ ಜಾರುತ್ತ ನಡೆಯುತ್ತಿದ್ದರು.

ಬ್ರೆವೆ ಎಂದು ಕರೆಯಲಾಗುವ ದೂರಸವಾರಿಗಳ ಸಂಗತಿ ಬೇರೆ. ಇಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಗಳ ಕಾಲಮಿತಿಯಿದ್ದು, ದಾರಿಯ ತಪಾಸಣಾ ಸ್ಥಳಗಳಲ್ಲಿ ಸವಾರ ಇಳಿದು ತನ್ನ ಹಾದಿಗೆ ಪುರಾವೆ ಪಡೆಯಬೇಕು. ಊಟ, ನೀರು, ಶೌಚ ಎಲ್ಲಕ್ಕೂ ಇಳಿಯಬೇಕು. ಬೆಳಗ್ಗೆ ಆಗತಾನೆ ಒರೆಸಿದ ಹೋಟೆಲಿನ ಟೈಲ್ಸ್ ಮೇಲೆ ಕಾಫಿ ಲೋಟ ಹಿಡಿದು ರಸ್ತೆ ಕ್ಲೀಟಿನಲ್ಲಿ ನಡೆದವರಿಗೆ ಈ ಲೇಖನದ ಅಗತ್ಯವಿಲ್ಲ. ದೂರಸವಾರರಲ್ಲಿ ಅನೇಕರು ಎರಡು ತಿರುಪಿನ ಎಸ್‌ಪಿಡಿ ಶೂವನ್ನೇ ಮೆಚ್ಚಲು ಇದು ಕಾರಣ.

ಪರಿಹಾರಗಳು

ಕ್ಲೀಟಿನ ಮೇಲೆ ತೊಡಿಸುವ ರಬ್ಬರ್ ಹೊದಿಕೆ ಎಲ್ಲಕ್ಕಿಂತ ಸುಲಭದ ಉಪಾಯ. ಅದು ಹಿಡಿತವನ್ನು ನೀಡುತ್ತದೆ, ಸವೆತವನ್ನೂ ತಡೆಯುತ್ತದೆ. ಆದರೆ ಪಾದದ ಮುಂಭಾಗವನ್ನು ಇನ್ನಷ್ಟು ಎತ್ತರಿಸುತ್ತದೆ, ಅಟ್ಟೆಯ ಗಡಸುತನವನ್ನು ಬದಲಿಸುವುದಿಲ್ಲ. ಅಂಗಿಯ ಹಿಂಜೇಬಿನಲ್ಲಿ ಇಟ್ಟುಕೊಳ್ಳಬಹುದಾದಷ್ಟು ಚಿಕ್ಕದಾದುದರಿಂದ ಮರೆತು ಬರುವುದೇ ಹೆಚ್ಚು. ಆಯಾ ಬಗೆಯ ಕ್ಲೀಟಿಗೆ ಆಯಾ ಹೊದಿಕೆಯೇ ಬೇಕು, ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ಸ್ಪೀಡ್‌ಪ್ಲೇಯಲ್ಲಿ ರಬ್ಬರ್ ಹೊದಿಕೆಯನ್ನೇ ಒಳಗೊಂಡ, ನಡೆಯಲು ತಕ್ಕ ಕ್ಲೀಟು ದೊರೆಯುತ್ತದೆ.

ಮೆತ್ತನೆಯ ತುಣುಕು ಸವೆದು ಅಂಚಿನ ಬಣ್ಣ ಮರೆಯಾಗುತ್ತ ಬಂದಾಗ ಕ್ಲೀಟನ್ನು ಬದಲಿಸಬೇಕು. ಹಳೆಯದನ್ನು ಬಿಚ್ಚುವ ಮೊದಲು ಅದರ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದುಕೊಂಡರೆ ಹೊಸದನ್ನು ಅದೇ ಜಾಗದಲ್ಲಿ ಕೂರಿಸಬಹುದು. ಜಾಗ ತಪ್ಪಿದರೆ ಮೊಣಕಾಲು ನೋವು ಬರುತ್ತದೆ. ಹಲವು ಶೂಗಳಲ್ಲಿ ಹಿಮ್ಮಡಿಯ ಗುಬುಟನ್ನೂ ತಿರುಪು ಬಿಚ್ಚಿ ಬದಲಿಸಬಹುದಾಗಿದ್ದು, ಸವಾರರು ಇದನ್ನು ಗಮನಿಸದೆ ಚೆನ್ನಾಗಿರುವ ಶೂವನ್ನೇ ಎಸೆಯುತ್ತಾರೆ.

ನಡೆಯಲೇಬೇಕಾದಾಗ ಹೆಜ್ಜೆಯನ್ನು ಚಿಕ್ಕದಾಗಿಡಬೇಕು. ಮೆಟ್ಟಿಲನ್ನು ಇಳಿಯುವಾಗ ಪಾದವನ್ನು ಅಡ್ಡಲಾಗಿಟ್ಟು ಒಂದೊಂದಾಗಿ ಇಳಿಯಬೇಕು. ಇಳಿಜಾರಿನಲ್ಲಿ ಸೈಕಲಿನ ಹಿಡಿಯನ್ನು ಎರಡೂ ಕೈಗಳಿಂದ ಹಿಡಿದು ಬ್ರೇಕನ್ನು ಅದುಮುತ್ತ ಸೈಕಲನ್ನೇ ಊರುಗೋಲಾಗಿ ಮಾಡಿಕೊಳ್ಳಬಹುದು. ನಂದಿಬೆಟ್ಟಕ್ಕೆ ಬರುವವರಲ್ಲಿ ಕೆಲವರು ತೆಳುವಾದ ಹವಾಯಿ ಚಪ್ಪಲಿಯೊಂದನ್ನು ಸೀಟಿನ ಹಿಂದಿನ ಚೀಲದಲ್ಲೋ ಜೇಬಿನಲ್ಲೋ ತರುತ್ತಾರೆ. ಸೊಗಸಿಲ್ಲದಿದ್ದರೂ ಖರ್ಚಿಲ್ಲದ, ಎಲ್ಲ ನೆಲಕ್ಕೂ ಸಲ್ಲುವ ಪರಿಹಾರವಿದು.

ಶೂವಿನ ಆಯ್ಕೆ

ಗಡುಸಾದ ಶೂವಿನಿಂದ ದೊರೆಯುವ ಲಾಭವೆಷ್ಟು ಎಂಬುದರ ಬಗ್ಗೆ ಭಿನ್ನಾಭಿಪ್ರಾಯವಿದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಆಶರ್ ಸ್ಟ್ರಾ ಮತ್ತು ರಾಜರ್ ಕ್ರಾಮ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಗುರ ಹಾಗೂ ಮಧ್ಯಮ ಶ್ರಮದ ಸವಾರಿಯಲ್ಲಿ ಓಟದ ಶೂವಿಗೂ ಕ್ಲೀಟಿನ ಶೂವಿಗೂ ದೇಹ ವ್ಯಯಿಸುವ ಶಕ್ತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಆದರೆ ಪೂರ್ಣಬಲದಿಂದ ಏರನ್ನು ಧಾವಿಸಿ ಹತ್ತುವಾಗ ಕ್ಲೀಟಿನ ಶೂ ಮೇಲುಗೈ ಸಾಧಿಸುತ್ತದೆಂದು ಕ್ರಾಮ್ ಅವರ ಗುಂಪಿನ ನಂತರದ ಅಧ್ಯಯನ ತೋರಿಸಿತು. ಸ್ಪರ್ಧೆಗೆ ಇಳಿಯುವವರು ಮೂರು ತಿರುಪಿನ ಶೂವನ್ನು ಬಿಡಲಾರರು. ಬೆಟ್ಟ ಹತ್ತಿ, ಮೇಲೆ ಅರ್ಧ ಗಂಟೆ ಅಡ್ಡಾಡಿ, ಇಡ್ಲಿ ತಿಂದು ಇಳಿಯುವವರಿಗೆ ಎರಡು ತಿರುಪಿನ ಶೂ ಇಲ್ಲವೇ ಮೊಳೆಗಟ್ಟಿದ ಚಪ್ಪಟೆ ಪೆಡಲಿನ ಮೇಲೆ ಸಾಧಾರಣ ಶೂ ಸಾಕು. ಪೆಡಲನ್ನು ಬದಲಿಸದೆ ಶೂ ಮಾತ್ರ ಬದಲಿಸಲು ಸಾಧ್ಯವಿಲ್ಲ. ಎಸ್‌ಪಿಡಿ ಕ್ಲೀಟು ಎಸ್‌ಪಿಡಿ-ಎಸ್‌ಎಲ್ ಪೆಡಲಿಗೆ ಕಚ್ಚುವುದಿಲ್ಲ. ಹೆಸರುಗಳ ಹೋಲಿಕೆಯಿಂದ ತಪ್ಪು ಖರೀದಿ ನಡೆಯುವುದರಿಂದ, ಅಂಗಡಿಗೆ ಹೋಗುವಾಗ ತಮ್ಮ ಸೈಕಲಿನ ಪೆಡಲನ್ನು ಅಥವಾ ಅದರ ಚಿತ್ರವನ್ನು ಕೊಂಡೊಯ್ಯುವುದು ಒಳ್ಳೆಯದು.